ಬೇರು ಉಳಿಸಿಕೊಂಡ ಹಲ್ಲು

ನನ್ನ ಬಾಯಿ ನಾರುತ್ತಿದೆ ಎಂದು ನನಗೆ ತಿಳಿಸಿಕೊಟ್ಟವರು ಎಂಟನೇ ತರಗತಿಯ ಮೊದಲ ಬೆಂಚಿನ ಇಬ್ಬರು ಹುಡುಗಿಯರು. ನಕ್ಷೆ ತಿದ್ದಲು ನಾನು ಬಗ್ಗಿದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಗಿಹಿಡಿದರು, ನಾನು ನೆಟ್ಟಗಾದ ಮೇಲೆ ಒಟ್ಟಿಗೆ ಬಿಟ್ಟರು. ಸ್ಟಾಫ್ ರೂಮಿಗೆ ಹೋಗಿ ಎಡಗಡೆಯ ಕೊನೆಯ ದವಡೆ ಹಲ್ಲಿನ ಹಿಂದೆ ಬೆರಳಿನಿಂದ ಒತ್ತಿದೆ. ಒಸಡಿನ ಮಡಿಕೆಯಿಂದ ಬೆಚ್ಚಗೆ ಏನೋ ಜಾರಿತು. ಬೆರಳನ್ನು ಮೂಗಿನ ಹತ್ತಿರ ತಂದೆ. ಇಲಿ ಸತ್ತ ಕಾಳಿನ ಹಗೇವಿನ ವಾಸನೆ.

ಹೀಗೆಂದು ನನ್ನ ನೆನಪು. ದಿನಚರಿ ತೆಗೆದು ನೋಡಿದರೆ ಆ ವಾರ ಹುಡುಗಿಯರ ಸುದ್ದಿಯೇ ಇಲ್ಲ. "ಎಡ ಕೆಳದವಡೆ. ಉಪ್ಪುನೀರು. ಬಾಯಿ ಅರ್ಧವೇ ತೆರೆಯುತ್ತದೆ" ಎಂದಷ್ಟೇ ಇದೆ. ನಾಚಿಕೆಯಿಂದ ಬರೆಯದೆ ಬಿಟ್ಟೆನೋ, ಮುಂದೆಂದೋ ನಡೆದದ್ದನ್ನು ನೆನಪು ಮೊದಲಿಗೆ ತಂದು ಕೂರಿಸಿತೋ ಗೊತ್ತಿಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ದಾಖಲೆ ಒಂದು ಹೇಳಿ ಬಾಯಿಮಾತು ಇನ್ನೊಂದು ಹೇಳಿದಾಗ ಎರಡನ್ನೂ ಮುಂದಿಡಬೇಕು ಎಂದು ಮಕ್ಕಳಿಗೆ ಕಲಿಸುವವಳು. ಇಲ್ಲಿಯೂ ಅದನ್ನೇ ಮಾಡುತ್ತೇನೆ.

ಬುದ್ಧಿಹಲ್ಲು ತೆಗೆಸುವುದು ದೊಡ್ಡ ಕಾಯಿಲೆಯಲ್ಲ. ಇದನ್ನು ಬರೆಯಲು ಕೂತಾಗ ಗಂಡ ನಾಗರಾಜ "ಒಂದು ಹಲ್ಲಿಗೆ ಇಷ್ಟು ಪುರಾಣವಾ?" ಎಂದು ನಕ್ಕ. ಇರಲಿ. ಕೆಳತುಟಿಯ ಅರ್ಧ ಭಾಗ ಜೀವನವಿಡೀ ಮರಗಟ್ಟಿ ಉಳಿಯಬಹುದು ಎಂಬ ಮಾತು ಕೇಳಿಸಿಕೊಂಡು, ಎಕ್ಸ್‌ರೇ ಕವರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವ ಇನ್ನೊಬ್ಬಳು ಎಲ್ಲಾದರೂ ಇರುತ್ತಾಳೆ. ಅವಳಿಗಾಗಿ ಇದು.

ನಮ್ಮದು ಆಂಧ್ರದ ಗಡಿಯಲ್ಲಿ, ರೊಳ್ಳದ ಹತ್ತಿರದ ಹಳ್ಳಿ. ಅತ್ತೆ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾರೆ. ನಾನು ದಿನಾ ಬಸ್ಸಿನಲ್ಲಿ ಮಡಕಶಿರಾಕ್ಕೆ ಹೋಗಿ ಪಾಠ ಮಾಡುತ್ತೇನೆ. ಊದಿದ ಕೆನ್ನೆ ನೋಡಿದ ಅತ್ತೆಗೆ ಯಾವ ಅನುಮಾನವೂ ಬರಲಿಲ್ಲ.

"ಹುಳ ಬಿದ್ದೈತೆ ಕಣಮ್ಮಿ. ಡಾಕ್ಟ್ರತ್ರ ಹೋದ್ರೆ ಕಿತ್ತಾಕ್ತಾರೆ ಅಷ್ಟೆ. ಹೊಗೆ ಹಿಡಿಸ್ಕಂಡ್ರೆ ತಾವೇ ಉದುರ್ತವೆ."

"ಹಲ್ಲಲ್ಲಿ ಹುಳ ಇರಲ್ಲ ಅತ್ತೆ."

"ನಿನ್ ಪುಸ್ತಕದಾಗೆ ಇರಲ್ಲ. ನನ್ ಬಾಯಾಗೆ ಇದ್ವು. ಎಂಟು."

ಭಾನುವಾರ ಹೋದೆವು. ಹೊಗೆ ಹಿಡಿಸುವ ಮುದುಕಿ ಪಕ್ಕದ ಊರಿನವಳು. ಅವಳು ಸವೆದ ನೇಗಿಲಿನ ಗುಳವನ್ನು ಕೆಂಪಗೆ ಕಾಯಿಸಿ ನೀರಿದ್ದ ತಟ್ಟೆಯ ನಡುವಿನ ಕಲ್ಲಿನ ಮೇಲಿಟ್ಟಳು. ಅದರ ಮೇಲೆ ಎಣ್ಣೆ ಸವರಿದ ನೆಲಗುಳ್ಳದ ಬೀಜ ಉದುರಿಸಿ, ತೂತಿದ್ದ ಮಡಕೆಯನ್ನು ಬೋರಲು ಹಾಕಿದಳು. ತೂತಿಗೆ ಪರಂಗಿ ಎಲೆಯ ಟೊಳ್ಳು ದಂಟು ಸಿಕ್ಕಿಸಿ ಅದನ್ನು ನನ್ನ ಬಾಯಿಗೆ ಕೊಟ್ಟಳು. ನನಗಿಂತ ಮುಂಚೆ ನಾಲ್ವರು ಕಚ್ಚಿದ್ದ ದಂಟು ಅದು. ತುದಿ ಜಿಗುಟಾಗಿತ್ತು, ಯಾರದೋ ಹಲ್ಲಿನ ಗುರುತು ಇತ್ತು. ಮುದುಕಿ ಅದನ್ನು ಸೆರಗಿನಲ್ಲಿ ಒಂದು ಸಲ ಒರೆಸಿದ್ದಳು. ನಾನು ಕಚ್ಚಿದೆ.

ಬಿಸಿ ಹೊಗೆ ಒಸಡಿಗೆ ಬಡಿದಾಗ ಕಣ್ಣೀರು ಬಂತು, ಜೊಲ್ಲು ದಂಟಿನ ಮೇಲೆ ಹರಿದು ಮಡಕೆಯ ಬೆನ್ನಿಗಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಮಡಕೆ ಎತ್ತಿದಾಗ ತಟ್ಟೆಯ ನೀರಿನಲ್ಲಿ ಬೆಳ್ಳಗೆ ಸಣ್ಣ ಸುರುಳಿಗಳು ತೇಲುತ್ತಿದ್ದವು.

"ಎಣಿಸ್ಕಳಮ್ಮ ಟೀಚರಮ್ಮ" ಅಂದಳು ಮುದುಕಿ.

ಅವು ಬಿಸಿಗೆ ಸಿಡಿದ ಬೀಜದೊಳಗಿನ ಮೊಳಕೆಗಳು ಎಂದು ಆಗಲೇ ನನಗೆ ಗೊತ್ತಿತ್ತು, ಅತ್ತೆಯ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೆ ಎಂದು ಎಷ್ಟೋ ಜನರ ಹತ್ತಿರ ಹೇಳಿದ್ದೇನೆ. ದಿನಚರಿಯ ಆ ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ಹನ್ನೊಂದು ಹುಳ. ಹಗುರವಾಯಿತು." ಹುಳಕ್ಕಿಂತ ಈ ಸಾಲು ನನಗೆ ಹೆಚ್ಚು ಅಸಹ್ಯ.

ಮೂರನೇ ದಿನಕ್ಕೆ ಒಸಡಿನ ಮೇಲೆ ಸುಟ್ಟ ಗುಳ್ಳೆ ಎದ್ದಿತು, ಕೀವು ಇಮ್ಮಡಿಯಾಯಿತು, ಜ್ವರ ಬಂತು. ಆಗ ಮಡಕಶಿರಾದ ದಂತವೈದ್ಯೆಯ ಹತ್ತಿರ ಹೋದೆ. ಅವರು ಬೈಯಲಿಲ್ಲ. ಕೀವು ತೊಳೆದು, ಮಾತ್ರೆ ಕೊಟ್ಟು, ಹಿಂದೂಪುರಕ್ಕೆ ಕಳಿಸಿ ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ನನ್ನ ಬುದ್ಧಿಹಲ್ಲು ಮುಂದಿನ ಹಲ್ಲಿಗೆ ತಲೆ ಕೊಟ್ಟು ಮಲಗಿತ್ತು. ಅದರ ಬೇರಿನ ತುದಿಯಲ್ಲಿ ಎರಡು ಬಿಳಿ ಗೆರೆಗಳ ನಡುವೆ ಕಪ್ಪು ದಾರಿಯೊಂದು ಹಾದುಹೋಗಿತ್ತು. ಬೇರು ತಾಗುವ ಕಡೆ ಬಿಳಿ ಗೆರೆ ಅಳಿಸಿಹೋಗಿತ್ತು.

"ಇದು ನರದ ದಾರಿ ಮೇಡಂ. ನಿಮ್ಮ ಬೇರು ಅದರ ಮೇಲೇ ಕೂತಿದೆ. ಸುಮ್ನೆ ಹಿಡಿದು ಕಿತ್ತರೆ ನರಕ್ಕೆ ಪೆಟ್ಟಾಗಬಹುದು. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತೆ. ಕೆಲವರಿಗೆ ಹೋಗಲ್ಲ. ಈ ಕಡೆ ತುಟಿ, ಗಲ್ಲ, ಎರಡೂ ಮರಗಟ್ಟಿರುತ್ತೆ. ಅನ್ನದ ಅಗುಳು ಅಂಟಿದ್ರೂ ಗೊತ್ತಾಗಲ್ಲ. ಅದಕ್ಕೇ ನಾನು ಮುಟ್ಟಲ್ಲ. ಅನಂತಪುರದಲ್ಲಿ ದವಡೆ ಆಪರೇಷನ್ ಮಾಡುವ ಡಾಕ್ಟರಿಗೆ ಬರೆದುಕೊಡ್ತೀನಿ."

ಅನ್ನದ ಅಗುಳು ಎಂದ ತಕ್ಷಣ ನನಗೆ ಕಂಡದ್ದು ರಾಯದುರ್ಗದ ಸಣ್ಣಮ್ಮನ ಮುಖ.

ಸಣ್ಣಮ್ಮ ನನ್ನ ತಾಯಿಯ ತಂಗಿ. ನಾನು ಬೊಮ್ಮನಹಾಳ್ ಕಡೆಯವಳು. ಚಿಕ್ಕವಳಿದ್ದಾಗ ರಜೆಗೆಲ್ಲ ಅವಳ ಮನೆಗೆ ಹೋಗುತ್ತಿದ್ದೆ. ಉಣ್ಣುವಾಗ ಅವಳ ಗಲ್ಲದ ಮೇಲೆ ಸಾರು ಇಳಿಯುತ್ತಿತ್ತು, ತುಟಿಯ ಅಂಚಿನಲ್ಲಿ ಮುದ್ದೆಯ ಚೂರು ಒಣಗಿರುತ್ತಿತ್ತು. ಲಕ್ವಾ ಹೊಡೆದಿದೆ ಎಂದು ಮನೆಯವರು ಪಿಸುಗುಡುತ್ತಿದ್ದರು. ಮದುವೆಗಳಲ್ಲಿ ಅವಳನ್ನು ಬಡಿಸಲು ಬಿಡುತ್ತಿರಲಿಲ್ಲ. ನನಗೆ ಅವಳನ್ನು ಕಂಡರೆ ಹೇಸಿಗೆಯಾಗುತ್ತಿತ್ತು. ಅದಕ್ಕೆ ಬೇರೆ ಒಳ್ಳೆಯ ಪದ ಹುಡುಕಿ ಬರೆಯುವುದು ಸುಳ್ಳಾಗುತ್ತದೆ.

ಮುಂದಿನ ಶನಿವಾರ ರಾಯದುರ್ಗಕ್ಕೆ ಹೋದೆ. ಸಣ್ಣಮ್ಮ ಬಾಗಿಲ ಬೆಳಕಿನಲ್ಲಿ ಜೀನ್ಸ್ ಪ್ಯಾಂಟುಗಳ ರಾಶಿಯ ಮಧ್ಯೆ ಕೂತು ಹೊಲಿಗೆಯಿಂದ ಹೊರಬಂದ ದಾರಗಳನ್ನು ಕತ್ತರಿಸುತ್ತಿದ್ದಳು. ಕೈ, ರೆಪ್ಪೆ, ತಲೆಗೂದಲು ಎಲ್ಲ ನೀಲಿ ಧೂಳು. ಎದುರಿನ ಗೋಡೆಯಲ್ಲಿ ಅಂಗೈಯಗಲದ ಕನ್ನಡಿ ನೇತುಹಾಕಿತ್ತು.

"ಬಾರವ್ವ, ಕುಂದ್ರು. ಯಾಕ ಹಿಂಗ ಬಾಡೀದಿ?"

ಹೇಳಿದೆ. ಅವಳು ಕತ್ತರಿ ಕೆಳಗಿಟ್ಟಳು.

"ನಂಗೂ ಅದಾ ಹಲ್ಲು. ಇದಾ ಕಡಿ" ಎಂದು ತನ್ನ ಎಡಗಲ್ಲ ತಟ್ಟಿಕೊಂಡಳು.

"ಲಕ್ವಾ ಅಲ್ಲೇನು?"

"ಯಾವ ಲಕ್ವಾ? ಹಲ್ಲು ಕೀಳಿಸ್ಕೊಂಡು ಬಂದ ದಿನದಿಂದ ಹಿಂಗ. ಮೂರು ಮಂದಿ ಹಿಡಕೊಂಡಿದ್ರು ನನ್ನ. ಫೋಟೋ ಇಲ್ಲ, ಗೀಟೋ ಇಲ್ಲ. ಆರು ತಿಂಗಳಿಗೆ ಸರಿ ಹೋಗತೈತಿ ಅಂದ ಆ ಡಾಕ್ಟ್ರ. ಆರು ತಿಂಗಳ ಮ್ಯಾಲೆ ಹೋದ್ರ ಅವನಾ ಊರು ಬಿಟ್ಟಿದ್ದ."

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?"

"ಹೇಳಿದ್ನೆಲ್ಲ! ಹಲ್ಲು ಕಿತ್ರ ತುಟಿ ಯಾಕ ಸಾಯತೈತಿ ಅಂದ್ರು. ಲಕ್ವಾ ಅಂತ ಅವ್ರಾ ಮಾತಾಡ್ಕೊಂಡ್ರು. ನಾನು ಸಾಕಾಗಿ ಸುಮ್ನಾದೆ." ಆಮೇಲೆ ನಕ್ಕಳು. ನಗು ಬಲಗಡೆಗೂ ಎಡಗಡೆಗೂ ಒಂದೇ ಸಮನಾಗಿ ಹರಡಿತು. ಲಕ್ವಾ ಆಗಿದ್ದರೆ ಹಾಗೆ ಹರಡುತ್ತಿರಲಿಲ್ಲ. ಇಷ್ಟು ವರ್ಷ ಇದನ್ನು ನಾವು ಯಾರೂ ನೋಡಿರಲಿಲ್ಲ. "ಅರ್ಧ ತುಟಿ ನಂದು, ಅರ್ಧ ಆ ಡಾಕ್ಟ್ರದು. ನಿಮ್ಮ ಸಣ್ಣಪ್ಪಗ ಹೇಳಿದ್ದೆ, ಮುದ್ದು ಕೊಡಾಕ ಬಂದ್ರ ನಿನ್ನ ಪಾಲಿನ ಕಡಿ ನೋಡ್ಕೊಂಡು ಬಾರೋ ಅಂತ."

ಚಹಾ ಕೊಟ್ಟಳು. ತಾನು ಕುಡಿಯುವ ಮೊದಲು ಕೈಬೆರಳನ್ನು ಲೋಟದಲ್ಲಿ ಅದ್ದಿ ಬಿಸಿ ನೋಡಿಕೊಂಡಳು. ತುಟಿಯ ಕೆಳಗೆ ಹಳೆಯ ಸುಟ್ಟ ಕಲೆಗಳಿದ್ದವು, ಒಂದರ ಮೇಲೊಂದು. ಕುಡಿಯುತ್ತಾ ಕನ್ನಡಿ ನೋಡಿದಳು. ಹನಿ ಇಳಿದಿತ್ತು, ಒರೆಸಿಕೊಂಡಳು. ನಾನು ಆಗಲೂ ಕಣ್ಣನ್ನು ಬೇರೆ ಕಡೆ ತಿರುಗಿಸಿದೆ. ವಿಷಯ ತಿಳಿದ ಮೇಲೂ ಹೇಸಿಗೆ ತನ್ನ ಪಾಡಿಗೆ ತಾನು ಬರುತ್ತದೆ. ಅದಕ್ಕೆ ಓದು ತಾಗುವುದಿಲ್ಲ.

"ಚಿಕ್ಕವಳಿದ್ದಾಗ ಒಂದು ಸಲ ನಿನ್ನ ಪಕ್ಕದಿಂದ ತಟ್ಟೆ ಸರಿಸಿಕೊಂಡಿದ್ದೆ ಸಣ್ಣಮ್ಮ. ತಪ್ಪಾಯಿತು" ಎಂದೆ.

"ಒಂದ್ ಸಲ?" ಅವಳು ಮತ್ತೆ ಕತ್ತರಿ ಎತ್ತಿಕೊಂಡಳು. "ದಿನಾ ಸರಿಸ್ತಿದ್ದಿ. ಬಿಡು, ಕೂಸು ನೀನು. ಈಗ ಕೇಳು. ಫೋಟೋ ನೋಡದಾ ಕೈ ಹಾಕಾಕ ಬಂದ್ರ ಎದ್ದು ಬಾ. ಕುರ್ಚಿ ಮ್ಯಾಲಿದ್ರೂ ಎದ್ದು ಬಾ."

ಅನಂತಪುರದ ಡಾಕ್ಟರು ಇನ್ನೊಂದು ಸ್ಕ್ಯಾನ್ ಮಾಡಿಸಿದರು. ದವಡೆಯನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಬಹುದಾದ ಸ್ಕ್ಯಾನ್. ಕಂಪ್ಯೂಟರಿನಲ್ಲಿ ನನ್ನ ಬೇರನ್ನು ನಿಧಾನವಾಗಿ ತಿರುಗಿಸಿದರು. ಬೇರಿನಲ್ಲಿ ಒಂದು ತಗ್ಗು, ಆ ತಗ್ಗಿನೊಳಗೆ ನರ. ಬಾವಿಯ ಕಲ್ಲಿನಲ್ಲಿ ಹಗ್ಗ ಸವೆಸಿದ ಗುರುತಿನ ಹಾಗಿತ್ತು.

"ನಾನು ಹಲ್ಲಿನ ತಲೆ ಮಾತ್ರ ಕತ್ತರಿಸಿ ತೆಗೀತೀನಿ. ಬೇರು ಅಲ್ಲೇ ಬಿಡ್ತೀನಿ. ಮೇಲೆ ಒಸಡು ಮುಚ್ಚಿಕೊಳ್ಳುತ್ತೆ. ನರಕ್ಕೆ ಅಪಾಯ ಬಹಳ ಕಡಿಮೆ. ಆದ್ರೆ ಕತ್ತರಿಸುವಾಗ ಬೇರು ಅಲ್ಲಾಡಿದ್ರೆ ಪೂರ್ತಿ ತೆಗೀಲೇಬೇಕು. ಆಗ ಭರವಸೆ ಕೊಡಲಾರೆ. ಮೊದಲು ಕೀವು ಪೂರ್ತಿ ವಾಸಿಯಾಗ್ಲಿ, ಮೂರು ವಾರ ಬಿಟ್ಟು ಬನ್ನಿ."

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವರು ಕೈ ನಿಲ್ಲಿಸಿದರು.

"ಬುಡ ಬಿಡ್ತಾನಂತಾ? ಬುಡ ಬಿಟ್ರೆ ಚಿಗುರ್ತದೆ ಕಣಮ್ಮಿ! ತೋಟ ಕಾಣ್ದೋಳಾ ನೀನು? ವರ್ಷ ವರ್ಷ ಬುಡಕ್ಕೆ ಕತ್ತರಿಸ್ತೀವಿ, ಎರಡು ತಿಂಗಳಿಗೆ ಆಳೆತ್ತರ ಬರ್ತದೆ. ಒಂದಿದ್ದಿದ್ದು ನಾಕು ಕವಲಾಗ್ತದೆ ಬಾಯಾಗೆ."

"ಹಲ್ಲು ಗಿಡ ಅಲ್ಲ ಅತ್ತೆ."

"ಬೇರು ಐತೆ ಅಂದವ್ನು ಯಾರು? ನಿನ್ ಡಾಕ್ಟ್ರೇ ತಾನೇ?"

ನಾಗರಾಜ ಬಿ.ಕಾಂ. ಓದಿದವನು. ಆದರೂ ತೋಟದಲ್ಲಿ ಬೆಳೆದವನು. "ಅಮ್ಮ ಹೇಳೋದ್ರಲ್ಲೂ ಅರ್ಥ ಐತೆ ಕಣೇ. ಅರ್ಧ ಕೆಲಸ ಮಾಡಿ ಕೊಳೆಯೋದನ್ನ ಒಳಗೇ ಬಿಡೋದು ಯಾವ ನ್ಯಾಯ? ಹತ್ತು ನಿಮಿಷದಲ್ಲಿ ಬುಡಸಮೇತ ಕೀಳೋರು ಅವ್ರೆ" ಎಂದು ಬೇರೊಂದು ಊರಿನ ಕ್ಲಿನಿಕ್ಕಿನ ಹೆಸರು ಹೇಳಿದ.

ಅವರಿಬ್ಬರನ್ನು ದೂರುವುದು ಸುಲಭ. ನನಗೂ ಅವರ ಹಾಗೇ ಅನ್ನಿಸಿತ್ತು. ವಾರಗಟ್ಟಲೆ ಕೀವು ನುಂಗಿದವಳಿಗೆ ಆ ಹಲ್ಲಿನ ಒಂದು ಚೂರೂ ಮೈಯೊಳಗೆ ಉಳಿಯುವುದು ಬೇಡವಾಗಿತ್ತು. ಹೇಸಿಗೆಯೇ ನನ್ನನ್ನು ಆ ಕ್ಲಿನಿಕ್ಕಿಗೆ ಕರೆದೊಯ್ದದ್ದು, ಅತ್ತೆಯಲ್ಲ.

ಅಲ್ಲಿನ ವರಾಂಡದ ಮೂಲೆಯಲ್ಲಿ ಒಂದು ಬೇಸಿನ್ ಇತ್ತು. ಕಟ್ಟಿಕೊಂಡ ನೀರಿನಲ್ಲಿ ರಕ್ತದ ಹತ್ತಿ ತೇಲುತ್ತಿತ್ತು. ಅದರ ಮೇಲೆಯೇ ಒಬ್ಬ ಬಾಯಿ ಮುಕ್ಕಳಿಸಿದ, ನಂತರ ಇನ್ನೊಬ್ಬ. ಉಗುಳಿನ ದಾರ ಒಬ್ಬನ ತುಟಿಯಿಂದ ನೀರಿನವರೆಗೆ ಕಡಿಯದೆ ಇಳಿದಿತ್ತು. ನಾಗರಾಜ ಹೊರಗೆ ಕೂತ. ನನ್ನ ಸರದಿ ಬಂದಾಗ ಅಲ್ಲಿನ ಡಾಕ್ಟರು ಸೂಜಿ ಚುಚ್ಚಿದರು. ತುಟಿ ದಪ್ಪವಾಗುತ್ತಾ ಬಂತು, ನಾಲಿಗೆಯ ಅರ್ಧ ಉಣ್ಣೆಯಾಯಿತು. ನಾನು ತಂದಿದ್ದ ಸ್ಕ್ಯಾನಿನ ಕವರು ಟೇಬಲ್ಲಿನ ಮೇಲೆ ಬಿಚ್ಚದೆ ಇತ್ತು. ಅದರ ಮೇಲೆ ಅವರು ಇಕ್ಕಳ ಇಟ್ಟಿದ್ದರು.

"ಸರ್, ಸ್ಕ್ಯಾನ್ ನೋಡಲ್ವಾ? ನರ ಹತ್ತಿರ ಇದೆಯಂತೆ."

"ಏಂ ಕಾದಮ್ಮಾ" ಎಂದರು ತೆಲುಗಿನಲ್ಲಿ, ಏನೂ ಆಗುವುದಿಲ್ಲ ಎಂದು. ಆಮೇಲೆ ಕನ್ನಡಕ್ಕೆ ತಿರುಗಿದರು. "ಓದಿದೋರ ಜೊತೆ ಇದೇ ಗೋಳು. ಬಾಯಿ ತೆಗೀರಿ."

ಕುರ್ಚಿಯಿಂದ ಎದ್ದೆ. ನೆನಪಿನಲ್ಲಿ ನಾನು ನೆಟ್ಟಗೆ ನಿಂತು ಏನೋ ದಿಟ್ಟ ಮಾತು ಹೇಳುತ್ತೇನೆ. ನಾಗರಾಜನ ಪ್ರಕಾರ ನಾನು ಏಪ್ರನ್ ಕೂಡ ಬಿಚ್ಚದೆ ಓಡಿಬಂದೆ, ಚಪ್ಪಲಿ ಅವನೇ ತಂದ. ಅವನ ಮಾತೇ ನಿಜವಿರಬೇಕು.

ಬಸ್‌ಸ್ಟ್ಯಾಂಡಿನಲ್ಲಿ ಅವನು ನನ್ನನ್ನು ಒಂದು ಬೆಂಚಿನ ಮೇಲೆ ಕೂರಿಸಿದ. ಮಜ್ಜಿಗೆ ತಂದುಕೊಟ್ಟು ಬಸ್ ಕೇಳಲು ಹೋದ. ಬಾಯಿ ಒಣಗಿತ್ತು, ಕುಡಿದೆ. ತಣ್ಣಗೆ ಹೋಯಿತು ಎಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ನೋಡಿ, ತನ್ನ ಸೀರೆಯ ನೆರಿಗೆ ಒಟ್ಟುಮಾಡಿಕೊಂಡು, ಬೆಂಚಿನ ಆ ತುದಿಗೆ ಸರಿದಳು. ತಲೆ ಬಗ್ಗಿಸಿ ನೋಡಿದರೆ ಎದೆಯ ಮೇಲೆಲ್ಲ ಮಜ್ಜಿಗೆ. ಗಲ್ಲದಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ನನಗೆ ಏನೂ ತಿಳಿದಿರಲಿಲ್ಲ. ಕೈಯಿಂದ ಒರೆಸಿದರೆ ಯಾರದೋ ಮುಖ ಒರೆಸಿದ ಹಾಗಾಯಿತು. ಕಚ್ಚಿದರೂ ನೋಯದ ಬೆಚ್ಚನೆಯ ಮಾಂಸ. ನನಗೆ ನಾನೇ ಹೇಸಿ ಮುಖ ತಿರುಗಿಸಲು ನೋಡಿದೆ. ತಿರುಗಿಸುವುದೆಲ್ಲಿಗೆ?

ಸೂಜಿಯ ಮದ್ದು ಇಳಿಯಲು ಮೂರು ಗಂಟೆ ಹಿಡಿಯಿತು. ಸಣ್ಣಮ್ಮನಿಗೆ ಇಪ್ಪತ್ತಾರು ವರ್ಷವಾದರೂ ಇಳಿದಿಲ್ಲ.

ನಾಗರಾಜ ಹಿಂತಿರುಗಿ ಬಂದು ನನ್ನ ಕುತ್ತಿಗೆ, ಎದೆ ನೋಡಿದ. ಕರವಸ್ತ್ರ ತೆಗೆದು ಒರೆಸಿದ. "ಅನಂತಪುರಕ್ಕೇ ಹೋಗೋಣ" ಅಂದ, ಅಷ್ಟೆ. ಈ ಇಡೀ ಕಥೆಯಲ್ಲಿ ನನಗೆ ಸಿಕ್ಕ ಕೆಲವೇ ಕರುಣೆಗಳಲ್ಲಿ ಅದೊಂದು.

ಆಪರೇಷನ್ ದಿನ ಕಣ್ಣಿಗೆ ಹಸಿರು ಬಟ್ಟೆ ಮುಚ್ಚಿದ್ದರು. ನೋವಿರಲಿಲ್ಲ. ವಾಸನೆ ಇತ್ತು, ಕೊಂಬು ಸುಟ್ಟ ಹಾಗೆ. ಅದು ನನ್ನ ಹಲ್ಲೇ ಎಂದು ತಿಳಿದಾಗ ಓಕರಿಕೆ ಬಂತು, ಡಾಕ್ಟರು ಒಂದು ನಿಮಿಷ ನಿಲ್ಲಿಸಿದರು. ಡ್ರಿಲ್ ಮತ್ತೆ ಶುರುವಾಯಿತು. ಆಮೇಲೆ ಏನೋ ಟಕ್ ಎಂದು ಮುರಿದ ಸದ್ದು ಕಿವಿಯೊಳಗಿಂದ ಬಂತು. ಸಣ್ಣ ಕೊಕ್ಕೆಯಂಥದ್ದು ಒಳಗೆ ಒತ್ತುವುದು ತಿಳಿಯುತ್ತಿತ್ತು. ಬೇರು ಅಲ್ಲಾಡುತ್ತದೆಯೇ ಎಂದು ನೋಡುತ್ತಿದ್ದಾರೆ ಎಂದು ಗೊತ್ತಾಗಿ, ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಹಿಡಿದೆ.

"ಗಟ್ಟಿಯಾಗಿದೆ. ಅಲ್ಲಾಡ್ತಿಲ್ಲ" ಅಂದರು ಡಾಕ್ಟರು, ನನಗೋ ನರ್ಸಿಗೋ.

ಮಧ್ಯಾಹ್ನವೆಲ್ಲ ವಾರ್ಡಿನ ಬೆಂಚಿನ ಮೇಲೆ ಕೂತು ಸೆರಗಿನ ಅಂಚಿನಿಂದ ತುಟಿ ಮುಟ್ಟಿ ಮುಟ್ಟಿ ನೋಡಿದೆ. ಬಾಯಿಯಲ್ಲಿ ರಕ್ತದ ಗಡ್ಡೆ, ತುಕ್ಕಿನ ರುಚಿ. ನಾಲ್ಕು ಗಂಟೆಗೆ ಗಲ್ಲ ಜುಮ್ಮೆಂದಿತು. ಐದಕ್ಕೆ ತುಟಿಯ ಅಂಚಿಗೆ ಇರುವೆ ಹರಿದಂತಾಯಿತು. ಒಂದು ಕಡಲೆಬೀಜದಷ್ಟು ಜಾಗ ಮಾತ್ರ ಮರಗಟ್ಟಿಯೇ ಉಳಿಯಿತು, ತುಟಿಗೂ ಗಲ್ಲಕ್ಕೂ ನಡುವೆ. ಅದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ದಿನಚರಿಯಲ್ಲಿ ಆ ದಿನಗಳ ಪುಟಗಳಲ್ಲಿ ಬೇರೇನೂ ಇಲ್ಲ, "ಇಲ್ಲ", "ಇಲ್ಲ", "ಇಲ್ಲ" ಎಂದು ಬರೆದು, ಹತ್ತೊಂಬತ್ತನೆಯದರಲ್ಲಿ "ಇದೆ" ಎಂದಿದ್ದೇನೆ.

ಹೊಲಿಗೆ ಬಿಚ್ಚುವವರೆಗಿನ ವಾರದ ಬಾಯಿಯ ಸ್ಥಿತಿ ಬರೆಯುವುದಿಲ್ಲ. ಹೊಲಿಗೆಯ ದಾರದಲ್ಲಿ ಸಿಕ್ಕ ಅನ್ನ ಮೂರು ದಿನ ಅಲ್ಲೇ ಇತ್ತು ಎಂದಷ್ಟೇ ಹೇಳುತ್ತೇನೆ. ಅತ್ತೆ ಪ್ರತಿ ಶುಕ್ರವಾರ ಟಾರ್ಚ್ ಹಿಡಿದು "ಆ ಅನ್ನು" ಎಂದು ಬಾಯಿ ತೆಗೆಸಿ ಚಿಗುರು ಹುಡುಕಿದರು. ಆರು ತಿಂಗಳ ಮೇಲೆ ಹೊಸ ಎಕ್ಸ್‌ರೇ ತೆಗೆದಾಗ ಬೇರು ಒಂದಿಷ್ಟು ಮೇಲಕ್ಕೆ ಬಂದಿತ್ತು. ಹಾಗೆ ಬರುವುದುಂಟಂತೆ. ನರದಿಂದ ದೂರ ಸರಿದದ್ದು ಒಳ್ಳೆಯದೇ, ಇನ್ನು ಚಿಂತೆಯಿಲ್ಲ ಎಂದರು ಡಾಕ್ಟರು. ಫೋನಿನಲ್ಲಿ ಸುದ್ದಿ ಕೇಳಿದ ಅತ್ತೆ, "ಮೇಲಕ್ಕೆ ಬಂದೈತೆ ತಾನೇ? ನಾನೇನಂದೆ?" ಎಂದು ಊರಿಗೆಲ್ಲ ಹೇಳಿಕೊಂಡು ಬಂದರು.

ಎಕ್ಸ್‌ರೇ ತೆಗೆಸಿದ ಆ ದಿನ ಸಣ್ಣಮ್ಮನೂ ನನ್ನ ಜೊತೆ ಅನಂತಪುರಕ್ಕೆ ಬಂದಿದ್ದಳು. "ನಿನ್ನ ಡಾಕ್ಟ್ರನ್ನ ಒಂದ್ಸಲ ಕಾಣಬೇಕು" ಎಂದು ತಾನೇ ಫೋನು ಮಾಡಿದ್ದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ನೀಲಿ ಧೂಳನ್ನು ಉಗುರಿನಿಂದಲೂ ತೆಗೆದಿದ್ದಳು. ಇಷ್ಟು ಹಳೆಯ ಪೆಟ್ಟು ಸರಿಯಾಗುವುದಿಲ್ಲ ಎಂದು ಹಿಂದೊಮ್ಮೆ ನಾನು ಕೇಳಿದಾಗಲೇ ಡಾಕ್ಟರು ನನಗೆ ಹೇಳಿದ್ದರು. ನಾನು ಅವಳಿಗೆ ಹೇಳಿರಲಿಲ್ಲ.

ಡಾಕ್ಟರು ಮೊದಲು ನನ್ನ ತುಟಿ ಪರೀಕ್ಷೆ ಮಾಡಿದರು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಿದರು. ಪ್ರತಿ ಸಲ "ಹೂಂ" ಎಂದೆ. ಆಮೇಲೆ ಸಣ್ಣಮ್ಮ ಆ ಕುರ್ಚಿಯಲ್ಲಿ ಕೂತಳು.

"ಕಣ್ಣು ಮುಚ್ಚಿ ಅಮ್ಮ. ಮುಟ್ಟಿದ್ದು ಗೊತ್ತಾದಾಗ ಹೇಳಿ."

ಬಲಗಡೆ ಮುಟ್ಟಿದರು. "ಹೌದ್ರಿ" ಅಂದಳು. ಎಡಗಡೆ ತುಟಿಯ ಅಂಚು, ಗಲ್ಲ, ಸುಟ್ಟ ಕಲೆಗಳ ಮೇಲೆ, ಮತ್ತೆ ಅಂಚು. ಅವಳು ಕಾಯುತ್ತಾ ಕೂತಿದ್ದಳು. ಹತ್ತಿ ಹೋಗಿ ಬರುತ್ತಲೇ ಇತ್ತು, ಅವಳ ಹುಬ್ಬು ಗಂಟಿಕ್ಕುತ್ತಾ ಬಂತು.

ಡಾಕ್ಟರು ಕೈ ಹಿಂದಕ್ಕೆ ತೆಗೆದು, ಹಳೆಯ ಎಳೆ ಬಿಸಾಕಿ, ಹೊಸದು ಹೊಸೆಯತೊಡಗಿದರು.

"ಈಗ ಗೊತ್ತಾತ್ರಿ" ಅಂದಳು ಸಣ್ಣಮ್ಮ, ಕಣ್ಣು ಮುಚ್ಚಿಕೊಂಡೇ. "ಎಡಗಡಿ. ಸಣ್ಣಗ ಗೊತ್ತಾತು."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಸಣ್ಣಮ್ಮನ ಕೈಯ ಮೇಲೆ ಕೈಯಿಟ್ಟೆ.